ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇನ್ನು ನಾಗರಿಕ ಮಾಧ್ಯಮ ಯಾಕೆ?

ಓದುಗರ ಪ್ರಶ್ನೆ: ಈಗ ಯಾರು ಬೇಕಾದರೂ ವಿಡಿಯೋ ಮಾಡಿ ಹಾಕಬಹುದು. ಹೀಗಿರುವಾಗ ಜನರೇ ಸೇರಿ ನಡೆಸುವ ಪರ್ಯಾಯ ಮಾಧ್ಯಮ, ನಾಗರಿಕ ಮಾಧ್ಯಮ ಅಂತ ಬೇರೆಯಾಗಿ ಕಟ್ಟುವ ಅಗತ್ಯ ಏನಿದೆ?

ಒಂದು ಮೊಬೈಲ್ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಅನ್ನೋದನ್ನು 2020ರ ಮೇ ತಿಂಗಳಲ್ಲಿ ನೋಡಿದೆವು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ಸತ್ತಾಗ, ಬಂಧನದ ವೇಳೆ ಆತನ ಆರೋಗ್ಯ ಕೆಟ್ಟಂತೆ ಕಂಡಿತು, ಆಸ್ಪತ್ರೆಗೆ ಸೇರಿಸಿದ ಮೇಲೆ ತೀರಿಕೊಂಡ ಎಂದು ಪೊಲೀಸರ ಮೊದಲ ಪ್ರಕಟಣೆ ಹೇಳಿತ್ತು. ಪೊಲೀಸ್ ಅಧಿಕಾರಿ ಆತನ ಕುತ್ತಿಗೆಯ ಮೇಲೆ ಊರಿದ ಮೊಣಕಾಲಿನ ಮಾತೇ ಅದರಲ್ಲಿ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ 17 ವರ್ಷದ ಹುಡುಗಿಯೊಬ್ಬಳ ವಿಡಿಯೋ ಆ ಸುಳ್ಳನ್ನು ಬಯಲು ಮಾಡಿತು.

ಹಾಗಾದರೆ ಇಷ್ಟೇ ಸಾಕಲ್ವಾ? ಸಾಲದು. ಆ ವಿಡಿಯೋ ಹರಡಿದ್ದು ಒಂದು ಕಂಪನಿಯ ಜಾಲತಾಣದಲ್ಲಿ. ಅಲ್ಲಿ ಯಾವುದು ಮೇಲೆ ಬರಬೇಕು, ಯಾವುದು ಯಾರ ಕಣ್ಣಿಗೂ ಬೀಳದೆ ಹೋಗಬೇಕು ಅನ್ನೋದು ಕಂಪನಿಯ ಲೆಕ್ಕಾಚಾರ. ನಾವು ಸರಕು ಕೊಡುತ್ತೇವೆ, ತೀರ್ಮಾನ ಅವರದು. ನಾಗರಿಕ ಮಾಧ್ಯಮ ಬೇಕಾಗುವುದು ಆ ತೀರ್ಮಾನ ನಮ್ಮ ಕೈಯಲ್ಲಿರಲಿ ಎಂದು.

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಗಣಿ ಕಾರ್ಮಿಕರ ರೇಡಿಯೋಗಳನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1940ರ ದಶಕದ ಕೊನೆಯಲ್ಲಿ ತವರದ (ಟಿನ್) ಗಣಿಗಳ ಸುತ್ತ ಇವು ಶುರುವಾದವು. ಮುಂದೆ ಇಪ್ಪತ್ತಕ್ಕೂ ಜಾಸ್ತಿ ಕೇಂದ್ರಗಳಾದವು. ಕಾರ್ಮಿಕರು ಸಂಬಳದಿಂದಲೇ ವಂತಿಗೆ ಕೊಟ್ಟು ನಡೆಸಿದರು. ಮೈಕು, ಟ್ರಾನ್ಸ್‌ಮಿಟರ್ ಎಲ್ಲ ಸಂಘದ್ದೇ. ಸಂಘದ ಸಭೆಯ ವಿಷಯ, ಹಾಡು, ಆಟದ ಸುದ್ದಿ ಎಲ್ಲವೂ ಬರುತ್ತಿದ್ದವು. ದೂರು ಇದ್ದವರು ನೇರ ಕೇಂದ್ರಕ್ಕೇ ಹೋಗಿ ಮೈಕಿನ ಮುಂದೆ ಹೇಳಿಬಿಡುತ್ತಿದ್ದರು. ಕೇಳುಗರು ಮತ್ತು ಮಾತಾಡುವವರು ಒಂದೇ ಜನ.

1980ರ ಜುಲೈ 17ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ರಾಜಧಾನಿಯ ಕೇಂದ್ರಗಳ ಬಾಯಿ ಮುಚ್ಚಿಸಿದ್ದಾಯಿತು. ಆಗ ಗಣಿ ರೇಡಿಯೋಗಳು ಒಂದರ ಪ್ರಸಾರವನ್ನು ಇನ್ನೊಂದು ಹಿಡಿದು ದಾಟಿಸುತ್ತಾ ದೇಶಕ್ಕೆ ಸುದ್ದಿ ಕೊಟ್ಟವು. ಅವುಗಳಲ್ಲಿ ಒಂದಾದ ರೇಡಿಯೋ ಆನಿಮಾಸ್‌ನವರು, ಸೈನಿಕರು ಎಷ್ಟು ಕಿಲೋಮೀಟರ್ ದೂರದಲ್ಲಿದ್ದಾರೆ ಅನ್ನೋದನ್ನೇ ಪ್ರಸಾರ ಮಾಡುತ್ತಿದ್ದರು. ಒಂದೊಂದಾಗಿ ಕೇಂದ್ರಗಳು ಸೇನೆಯ ವಶವಾದವು. ಗಣಿ ಕಾರ್ಮಿಕರು ದಶಕಗಳಿಂದ ಜೊತೆಗೆ ಕೂತು ರೇಡಿಯೋ ನಡೆಸಿದ ಜನ. ಅಪಾಯ ಬಂದ ದಿನ ಯಾರು ಏನು ಮಾಡಬೇಕು ಅಂತ ಹೊಸದಾಗಿ ಕಲಿಯಬೇಕಿರಲಿಲ್ಲ.

ಸೇನೆಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ದುಡ್ಡು. 1985ರಲ್ಲಿ ತವರದ ಬೆಲೆ ಕುಸಿಯಿತು, ಗಣಿಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ವಂತಿಗೆ ಕೊಡುವವರೇ ಊರು ಬಿಟ್ಟ ಮೇಲೆ ಅನೇಕ ಕೇಂದ್ರಗಳು ನಿಂತವು. ಪರ್ಯಾಯ ಮಾಧ್ಯಮದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಯಾರ ಹಣದಲ್ಲಿ ನಡೆಯುತ್ತಿದೆ ಅನ್ನೋದು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ.

ಇನ್ನೊಂದು ಆತಂಕ ಸುಳ್ಳುಸುದ್ದಿಯದು. 1999ರಲ್ಲಿ ಅಮೆರಿಕದ ಸಿಯಾಟಲ್‌ನ ವಿಶ್ವ ವ್ಯಾಪಾರ ಸಂಸ್ಥೆ ವಿರೋಧಿ ಪ್ರತಿಭಟನೆಯ ಹೊತ್ತಿಗೆ ಹುಟ್ಟಿದ ಇಂಡಿಮೀಡಿಯಾ ಎಂಬ ಸುದ್ದಿ ಜಾಲತಾಣ, ಯಾರು ಬೇಕಾದರೂ ನೇರವಾಗಿ ಬರೆಯಬಹುದು ಎಂದಿತು. ಬಾಗಿಲು ಪೂರ್ತಿ ತೆರೆದಾಗ ಕಸವೂ ಒಳಗೆ ಬಂತು. 2000ರಲ್ಲಿ ದಕ್ಷಿಣ ಕೊರಿಯಾದಲ್ಲಿ ಶುರುವಾದ ಓಮೈನ್ಯೂಸ್ ಎಂಬ ಸುದ್ದಿ ಜಾಲತಾಣ ಬೇರೆ ದಾರಿ ಹಿಡಿಯಿತು. ಪ್ರತಿ ನಾಗರಿಕನೂ ವರದಿಗಾರ ಎಂಬುದೇ ಅದರ ಘೋಷಣೆ. ಆದರೆ ಬಂದ ಬರಹವನ್ನು ಸಂಪಾದಕರು ಪರಿಶೀಲಿಸಿ ಹಾಕುತ್ತಿದ್ದರು. ನನ್ನ ಮಟ್ಟಿಗೆ ಇದೇ ಸರಿ. ಪರಿಶೀಲನೆ ಮಾಡಿದರೆ ಜನರ ಬಾಯಿಗೆ ಬೀಗ ಹಾಕಿದಂತೆ ಆಗುವುದಿಲ್ಲ. ಅವರ ಮಾತಿಗೆ ಬೆಲೆ ಬರುತ್ತದೆ.

ಇಂಥ ಮಾಧ್ಯಮಗಳನ್ನೆಲ್ಲ ಕೇಳುವವರು, ಓದುವವರು ಎಷ್ಟು ಜನ ಅಂತ ಕೆಲವರು ಕೇಳುತ್ತಾರೆ. ಅದೊಂದೇ ಅಳತೆ ಆಗಬಾರದು. ಕೊಲಂಬಿಯಾದ ಸಂವಹನ ತಜ್ಞೆ ಕ್ಲೆಮೆನ್ಸಿಯಾ ರೊಡ್ರಿಗಸ್ ಗಮನ ಸೆಳೆದದ್ದು ಮಾಧ್ಯಮ ನಡೆಸುವವರಲ್ಲೇ ಆಗುವ ಬದಲಾವಣೆಯ ಕಡೆಗೆ. ತನ್ನ ಬದುಕನ್ನು ತಾನೇ ಹೇಳಿದವರು ಅಧಿಕಾರಿಯ ಮುಂದೆ ನಿಲ್ಲುವ ರೀತಿಯೇ ಬೇರೆ. ಮತ ಹಾಕುವುದರ ಆಚೆಗೂ ಪ್ರಜಾಪ್ರಭುತ್ವ ಇದೆ ಅನ್ನೋದು ಅಲ್ಲಿ ಕಾಣುತ್ತದೆ.

ನೀವೇ ಶುರು ಮಾಡಬೇಕು ಅಂತಿದ್ದರೆ ಮೊದಲು ನಾಲ್ಕು ಜನ ಸೇರಿ. ನಿಮ್ಮ ಸ್ಥಳೀಯ ಆಡಳಿತದ ಒಂದು ಸಭೆಗೆ ಹೋಗಿ. ಯಾರು ಏನು ಹೇಳಿದರು, ಎಷ್ಟು ಹಣ ಮಂಜೂರಾಯಿತು, ಯಾವ ವಿಷಯ ಮುಂದಕ್ಕೆ ಹೋಯಿತು ಅಂತ ಬರೆದುಕೊಳ್ಳಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಾಳೆ ನೋಡಲಿ. ಮುಖ ತೋರಿಸಿದರೆ ತೊಂದರೆಗೆ ಸಿಗುವವರನ್ನು ಕೇಳದೆ ವಿಡಿಯೋ ಹಾಕಬೇಡಿ. ಮೂಲ ಫೈಲ್ ತೆಗೆದಿಟ್ಟುಕೊಳ್ಳಿ. ತಪ್ಪಾದರೆ ಮೊದಲ ಸುದ್ದಿ ಎಲ್ಲಿ ಹಾಕಿದ್ದಿರೋ ಅಲ್ಲೇ ತಿದ್ದುಪಡಿಯನ್ನೂ ಹಾಕಿ.