ಡಾಕ್ಟರ್ ಚೀಟಿ ಇದ್ದ ಮಾತ್ರಕ್ಕೆ ಸಹಿ ಅಳಿಸಿಹೋಗುವುದಿಲ್ಲ

"ಮೇಡಂ, ಅಮ್ಮನಿಗೆ ಡಿಮೆನ್ಷಿಯಾ, ಮರೆವಿನ ಕಾಯಿಲೆ, ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಅವರು ಹಾಕಿದ ಸಹಿ ಲೆಕ್ಕಕ್ಕೇ ಬರಲ್ಲ ಅಲ್ವಾ?"

ಇಂಗ್ಲೆಂಡಿನಲ್ಲಿ ವಕೀಲಿಕೆ ಮಾಡುವ ನನಗೆ ನಮ್ಮವರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಈ ಸಲ ಕೇಳಿದವರ ತಾಯಿ ಒಬ್ಬರೇ ಇರುತ್ತಾರೆ. ಮನೆಗೆ ಬಂದ ಒಬ್ಬ ಮಾರಾಟಗಾರ ಸೋಲಾರ್ ಫಲಕಗಳಿಗೆ ಸಹಿ ಹಾಕಿಸಿಕೊಂಡಿದ್ದ. ಮಗನಿಗೆ ಗೊತ್ತಾಗುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ಇಂಥ ಒಪ್ಪಂದಗಳಲ್ಲಿ ಹೆಚ್ಚಿನವನ್ನು 14 ದಿನದೊಳಗೆ ಕಾರಣ ಕೊಡದೆಯೇ ಬಿಡಬಹುದು. ಆ ಗಡುವು ಮುಗಿದಿತ್ತು.

ನಾನು ಕೇಳಿದ್ದು ಒಂದೇ. "ಅಮ್ಮನ ಸ್ಥಿತಿ ಆ ಮಾರಾಟಗಾರನಿಗೆ ಗೊತ್ತಿತ್ತಾ?"

ಅವರಿಗೆ ಸಿಟ್ಟು ಬಂತು. ಅವನಿಗೆ ಗೊತ್ತಿದ್ದರೇನು, ಇಲ್ಲದಿದ್ದರೇನು ಎಂದರು. ಆದರೆ ಇಲ್ಲಿ ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಭಾರತದ 1872ರ ಕರಾರು ಕಾಯ್ದೆಯ ಪ್ರಕಾರ ಸ್ವಸ್ಥಚಿತ್ತರಲ್ಲದವರ ಒಪ್ಪಂದ ಮೊದಲಿನಿಂದಲೇ ಶೂನ್ಯ. ನಮ್ಮವರ ತಲೆಯಲ್ಲಿ ಅದೇ ಕೂತಿದೆ. ಇಂಗ್ಲಿಷ್ ಕಾನೂನು ಹಾಗಲ್ಲ. 1892ರ ಇಂಪೀರಿಯಲ್ ಲೋನ್ ಕಂಪನಿ ಮತ್ತು ಸ್ಟೋನ್ ಪ್ರಕರಣ ನೋಡಿ. ಸ್ಟೋನ್ ಸಾಲಪತ್ರಕ್ಕೆ ಜಾಮೀನಾಗಿ ಸಹಿ ಹಾಕಿದ್ದ. ಆಗ ಅವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ಜ್ಯೂರಿ ಒಪ್ಪಿತು. ಸಾಲ ಕೊಟ್ಟವರಿಗೆ ಅದು ಗೊತ್ತಿತ್ತೇ ಎಂಬಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಅಷ್ಟರಿಂದ ಸ್ಟೋನ್ ಪಾರಾಗಲಾರ ಎಂದಿತು ಮೇಲ್ಮನವಿ ನ್ಯಾಯಾಲಯ. ಎದುರಿನವರಿಗೆ ಗೊತ್ತಿತ್ತು, ಅಥವಾ ಗೊತ್ತಾಗಲೇಬೇಕಿತ್ತು ಎಂದು ತೋರಿಸುವ ಹೊಣೆ ನಮ್ಮದು. ತೋರಿಸಿದರೂ ಒಪ್ಪಂದ ತಾನಾಗಿ ಬಿದ್ದುಹೋಗುವುದಿಲ್ಲ. ನಾವು ರದ್ದು ಮಾಡಬೇಕು.

ರೋಗದ ಹೆಸರೂ ತೀರ್ಪಲ್ಲ. ಇಲ್ಲಿನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಎಲ್ಲರಿಗೂ ಸಾಮರ್ಥ್ಯ ಇದೆ ಎಂದುಕೊಂಡೇ ಹೊರಡುತ್ತದೆ. ಈ ವಿಷಯ, ಈ ಹೊತ್ತು: ಅರ್ಥ ಮಾಡಿಕೊಂಡು, ನೆನಪಿಟ್ಟು, ತೂಗಿ ನೋಡಿ ಹೇಳಬಲ್ಲರೇ? ಅದಷ್ಟೇ ಪ್ರಶ್ನೆ. ದಡ್ಡತನದ ನಿರ್ಧಾರ ಮಾಡಿದರು ಅಂತ ಸುಮ್ನೆ ಸಾಮರ್ಥ್ಯ ಇಲ್ಲ ಎನ್ನುವಂತಿಲ್ಲ.

ಆ ಅಮ್ಮನನ್ನು ನೋಡಲು ಹೋದೆ. ಕಾಫಿ ಕೊಟ್ಟರು. ಇಪ್ಪತ್ತು ನಿಮಿಷದಲ್ಲಿ ಮೂರು ಸಲ "ಊಟ ಆಯ್ತಾ ಮಗಳೇ?" ಎಂದರು. ಹಾಗಾದರೆ ಆ ಮಾರಾಟಗಾರನ ಮುಂದೆ ಹೇಗಿದ್ದರು? ಅವನು ಬರುವ ಮೊದಲು ಆಗಿದ್ದ ಫೋನ್ ಮಾತಿನ ರೆಕಾರ್ಡಿಂಗ್ ಕೊಡಿ ಎಂದು ಕಂಪನಿಗೆ ಬರೆದೆವು. ಕೊಟ್ಟರು. ನೀವು ಯಾರು, ಯಾಕೆ ಬರುತ್ತೀರಿ ಎಂದು ಅಮ್ಮ ಅದರಲ್ಲಿ ಮತ್ತೆ ಮತ್ತೆ ಕೇಳಿದ್ದರು. ಕಂಪನಿ ಒಪ್ಪಂದ ಕೈಬಿಟ್ಟಿತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಮಾತು ಕೊಡಲಾರೆ. ಅಂಥ ರೆಕಾರ್ಡಿಂಗ್ ಎಲ್ಲ ಕಡೆ ಸಿಗುವುದಿಲ್ಲ.

ಆಮೇಲೆ ಅಮ್ಮನ ಹೆಸರಿನಲ್ಲಿ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಮಾಡಿಸೋಣ ಎಂದೆ. ಮುಂದೆ ತನ್ನ ಕೈಲಿ ಆಗದಾಗ ತನ್ನ ಪರವಾಗಿ ನಿರ್ಧರಿಸಲು ನಂಬಿದವರಿಗೆ ಅಧಿಕಾರ ಕೊಡುವ ಪತ್ರ ಅದು. ಡಿಮೆನ್ಷಿಯಾ ಇದ್ದವರು ಅದಕ್ಕೆ ಹೇಗೆ ಸಹಿ ಹಾಕುತ್ತಾರೆ ಎಂದು ಮಗ ಕೇಳಿದರು. ಮತ್ತದೇ ಚೀಟಿ! ಕಂತು, ಬಡ್ಡಿ ತೂಗಿ ನೋಡುವುದು ಬೇರೆ, ತನ್ನ ದುಡ್ಡನ್ನು ಯಾರು ನೋಡಿಕೊಳ್ಳಬೇಕು ಎಂದು ಹೇಳುವುದು ಬೇರೆ. ಒಂದು ಬೆಳಿಗ್ಗೆ, ಅವರು ಲವಲವಿಕೆಯಿಂದ ಇದ್ದಾಗ, ಈ ಪತ್ರ ಅವರಿಗೆ ಅರ್ಥವಾಗಿದೆ ಎಂದು ಪ್ರಮಾಣೀಕರಿಸುವವರು ಅಮ್ಮನೊಬ್ಬರ ಜೊತೆ ಕೂತು ಮಾತಾಡಿದರು. ಹೊರಗೆ ಬಂದ ಅಮ್ಮ ಮಗನಿಗೆ ಹೇಳಿದರು: "ನನ್ನ ಕೈಲಿ ಆಗದಾಗ ಲೆಕ್ಕ ನೀನು ನೋಡ್ಕೋ. ತಂಗಿಗೆ ಹೇಳದೆ ಏನೂ ಮಾರಬೇಡ."