ತಾಯಿಗೊಂದು ರಕ್ತಪರೀಕ್ಷೆ, ಮಗುವಿಗೆ ಮೊದಲ 24 ಗಂಟೆ

ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಮನೆಗಳಲ್ಲಿ ಗರ್ಭಿಣಿಗೆ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ವೈರಾಣು ಸೋಂಕು ಇದೆ ಎಂದರೆ ಹಿರಿಯರು ಮೊದಲು ನೋಡುವುದು ಅವಳ ಕಣ್ಣನ್ನು. ಕಣ್ಣು ಹಳದಿಯಾಗಿಲ್ಲ, ಊಟ ಸೇರುತ್ತಿದೆ, ಹಾಗಿದ್ದ ಮೇಲೆ ಕಾಮಾಲೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಆದರೆ ಈ ವೈರಾಣು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಯಕೃತ್ತಿನಲ್ಲಿ ಉಳಿಯಬಲ್ಲದು; ಅದನ್ನು ಪತ್ತೆಹಚ್ಚಲು ರಕ್ತಪರೀಕ್ಷೆಯೇ ಬೇಕು.

ಆ ಪರೀಕ್ಷೆಯ ಮೂಲ 1960ರ ದಶಕದ್ದು. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅಪರಿಚಿತ ಪ್ರೋಟೀನೊಂದನ್ನು ಗುರುತಿಸಿದರು. ಅದು ಈ ವೈರಾಣುವಿನ ಹೊರಕವಚದ್ದೆಂದು ಮುಂದೆ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದು ಗರ್ಭಿಣಿಯರಲ್ಲಿ ಹುಡುಕುವುದೂ ಅದೇ ಪ್ರೋಟೀನನ್ನು. 1980ರ ದಶಕದಲ್ಲಿ ಲಸಿಕೆ ಬಂದರೂ ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ಸ್ವದೇಶಿ ಲಸಿಕೆ ಹೊರತಂದ ಮೇಲೆ ದರ ಇಳಿಯಿತು. 2011ರ ಹೊತ್ತಿಗೆ ಅದು ದೇಶದಾದ್ಯಂತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು.

ಹೆರಿಗೆಯ ಹೊತ್ತಿಗೆ ಇಷ್ಟು ಮಹತ್ವ ಏಕೆಂದರೆ, ವಯಸ್ಕರಾದ ಮೇಲೆ ಸೋಂಕು ತಗುಲಿದರೆ ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಅದು ಶಾಶ್ವತವಾಗಿ ಉಳಿಯುತ್ತದೆ; ಹುಟ್ಟುವಾಗಲೇ ತಾಯಿಯಿಂದ ತಗುಲಿದ ಶಿಶುಗಳಲ್ಲಾದರೆ ಸುಮಾರು 90 ಮಂದಿಯಲ್ಲಿ ಉಳಿದು, ಮುಂದೆ ಯಕೃತ್ತು ಗಟ್ಟಿಯಾಗಿ ಕೆಡುವ ಸಿರೋಸಿಸ್‌ಗೋ ಯಕೃತ್ತಿನ ಕ್ಯಾನ್ಸರ್‌ಗೋ ದಾರಿಯಾಗಬಹುದು. ಆದ್ದರಿಂದಲೇ ಮೊದಲ ಲಸಿಕೆಯನ್ನು ಮಗು ಹುಟ್ಟಿದ 24 ಗಂಟೆಯೊಳಗೆ ಕೊಡಬೇಕು. ಮನೆಯಲ್ಲೇ ಹೆರಿಗೆ ಹೆಚ್ಚಾಗಿದ್ದ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಆಸ್ಪತ್ರೆ ಹೆರಿಗೆ ರೂಢಿಯಾದದ್ದು ಈ ಲಸಿಕೆಗೂ ದಾರಿ ಮಾಡಿತು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಗರ್ಭಿಣಿಯರ ತಪಾಸಣೆಗೆ ಒತ್ತು ಕೊಟ್ಟಿತು. ಸೋಂಕಿರುವ ತಾಯಿಯ ಮಗುವಿಗೆ ಲಸಿಕೆಯ ಜೊತೆಗೆ, ವೈರಾಣುವಿನ ವಿರುದ್ಧ ಸಿದ್ಧ ಪ್ರತಿಕಾಯಗಳನ್ನು ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ತಾಯಿಯ ರಕ್ತದಲ್ಲಿ ವೈರಾಣು ಹೆಚ್ಚಿದ್ದರೆ ಕೊನೆಯ ತಿಂಗಳುಗಳಲ್ಲಿ ವೈರಾಣುವನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ.

ನನ್ನ ಆತಂಕ ಇರುವುದು ಇದರ ಮುಂದಿನ ಹಂತದಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ವಾಡಿಕೆ. ಬಾಗೇಪಲ್ಲಿಯಲ್ಲಿ ಪರೀಕ್ಷೆ ಮಾಡಿಸಿಕೊಂಡವಳು ಆಂಧ್ರದ ಹಿಂದೂಪುರದಲ್ಲೋ ಬೆಂಗಳೂರಿನಲ್ಲೋ ಹೆರಬಹುದು. ವರದಿ ಗಂಡನ ಮನೆಯ ಬೀರುವಿನಲ್ಲೇ ಉಳಿದರೆ, ಮಧ್ಯರಾತ್ರಿ ನೋವು ಶುರುವಾಗಿ ಬಂದವಳ ಮಗುವಿಗೆ ಆ ಚುಚ್ಚುಮದ್ದು ಬೇಕೆಂದು ಹೆರಿಗೆ ಕೊಠಡಿಯವರಿಗೆ ತಿಳಿಯುವುದು ಹೇಗೆ? ಪರೀಕ್ಷೆಯ ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಎದ್ದು ಕಾಣುವಂತೆ ಬರೆಯಿಸಿ, ಕಾರ್ಡನ್ನು ಬಟ್ಟೆಬರೆಯ ಜೊತೆಗೇ ಇಟ್ಟುಕೊಳ್ಳಬೇಕು. ಆಶಾ ಕಾರ್ಯಕರ್ತೆಯರು ಏಳನೇ ತಿಂಗಳಲ್ಲೇ ಹೆರಿಗೆ ಎಲ್ಲಿ ಎಂದು ಕೇಳಿ, ಆ ಊರಿನ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆ ಗಟ್ಟಿಯಾಗಬೇಕು.

ಲಸಿಕೆ ಪಡೆದ ಮಗುವಿಗೆ ತಾಯಿ ಎದೆಹಾಲು ಕುಡಿಸಬಹುದು. ಸೋಂಕಿನ ಹೆಸರಿನಲ್ಲಿ ಅದನ್ನು ಬಿಡಿಸುವುದು ತಪ್ಪು. 6, 10 ಮತ್ತು 14 ವಾರಗಳ ಲಸಿಕೆಗಳನ್ನು ತಪ್ಪಿಸದೆ, ವರ್ಷ ತುಂಬುವ ಹೊತ್ತಿಗೆ ಮಗುವಿನ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಗಂಡನೂ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬೇಕು.