ಪಂಪನ ಒಂದು ಪದ್ಯ, ವಿಮರ್ಶೆಯ ಹಲವು ದಾರಿಗಳು

ಪರೀಕ್ಷೆಯಲ್ಲಿ ವಿಮರ್ಶೆಯ ಪ್ರಶ್ನೆಪತ್ರಿಕೆ ಅಂದರೆ ನಮ್ಮಲ್ಲಿ ಜಾಸ್ತಿ ಜನ ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ. ರಸ, ಧ್ವನಿ, ಔಚಿತ್ಯ, ಕೃತಿನಿಷ್ಠ, ಚಾರಿತ್ರಿಕ, ಸ್ತ್ರೀವಾದಿ. ಒಂದೊಂದಕ್ಕೆ ಎರಡು ಸಾಲಿನ ವ್ಯಾಖ್ಯೆ. ಪರೀಕ್ಷೆ ಮುಗಿದು ವಾರ ಕಳೆಯುವಷ್ಟರಲ್ಲಿ ಎಲ್ಲ ಮರೆತುಹೋಗುತ್ತದೆ. ಒಂದೇ ಪದ್ಯವನ್ನು ಎದುರಿಗೆ ಇಟ್ಟುಕೊಂಡು, ಒಂದೊಂದು ಮಾರ್ಗ ಅದಕ್ಕೆ ಯಾವ ಪ್ರಶ್ನೆ ಕೇಳುತ್ತದೆ ಅಂತ ನೋಡಿದರೆ ವಿಷಯ ತಲೆಯಲ್ಲಿ ನಿಲ್ಲುತ್ತದೆ. ಈ ಟಿಪ್ಪಣಿಯಲ್ಲಿ ಅದನ್ನೇ ಮಾಡುತ್ತೇನೆ. ಪದ್ಯ ಪಂಪನದು. 941ರ 'ವಿಕ್ರಮಾರ್ಜುನ ವಿಜಯ', ಅಂದರೆ ನಾವು ಪಂಪಭಾರತ ಅನ್ನುವ ಕಾವ್ಯದಲ್ಲಿ, ಕರ್ಣ ಸತ್ತ ಮೇಲೆ ಬರುತ್ತದೆ:

ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ
ನೆನೆವೊಡೆ ಕರ್ಣನಂ ನೆನೆಯ ಕರ್ಣನೊಳಾರ್ ದೊರೆ ಕರ್ಣನೇರು ಕ
ರ್ಣನ ಕಡುನನ್ನಿ ಕರ್ಣನಳವಂಕದ ಕರ್ಣನ ಚಾಗಮೆಂದು ಕ
ರ್ಣನ ಪಡೆಮಾತಿನೊಳ್ ಪುದಿದು ಕರ್ಣರಸಾಯನಮಲ್ತೆ ಭಾರತಂ

ಹೊಸಗನ್ನಡದಲ್ಲಿ ಹೇಳಿದರೆ ಹೀಗೆ: ಅಣ್ಣಾ, ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ. ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆ. ಕರ್ಣನಿಗೆ ಸಮ ಯಾರು? ಕರ್ಣನ ಪರಾಕ್ರಮ, ಅವನ ಗಟ್ಟಿ ಸತ್ಯ, ಅವನ ಶಕ್ತಿ, ಹೆಸರಾಂತ ಅವನ ತ್ಯಾಗ ಎಂದು ಕರ್ಣನ ಮಾತೇ ತುಂಬಿಕೊಂಡು ಭಾರತ ಕಿವಿಗೆ ರಸಾಯನವಾಗಿದೆ, ಅಲ್ಲವೇ?

ಮೊದಲು ವಿಮರ್ಶೆಯ ಉದ್ದೇಶ. ಆಡುಮಾತಿನಲ್ಲಿ 'ವಿಮರ್ಶೆ ಮಾಡಿದರು' ಅಂದರೆ ತಪ್ಪು ಹುಡುಕಿದರು ಅಂತಲೇ ಅರ್ಥ ಬಂದುಬಿಟ್ಟಿದೆ. ಪದದ ಮೂಲ ಹಾಗಿಲ್ಲ. 'ಮೃಶ್' ಅಂದರೆ ಮುಟ್ಟುವುದು, ಸವರಿ ನೋಡುವುದು. ಅಂಗಡಿಯಲ್ಲಿ ಸೀರೆ ಕೊಳ್ಳುವಾಗ ಅಮ್ಮ ಸೆರಗನ್ನು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಾಳಲ್ಲ, ಆ ಕೆಲಸ. ನೇಯ್ಗೆ ಹೇಗಿದೆ, ಬಣ್ಣ ನಿಲ್ಲುತ್ತದಾ, ಬೆಲೆಗೆ ತಕ್ಕದ್ದಾ ಅನ್ನುವುದೆಲ್ಲ ಆ ಮುಟ್ಟುವಿಕೆಯಲ್ಲೇ ಇದೆ. ವಿಮರ್ಶೆಯೂ ಇಷ್ಟನ್ನೇ ಮಾಡುತ್ತದೆ. ಕೃತಿಯಲ್ಲಿ ಏನಿದೆ ಅಂತ ತಿಳಿಸುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ತೋರಿಸುತ್ತದೆ. ಆಮೇಲೆ ಬೆಲೆ ಕಟ್ಟುತ್ತದೆ. ಕೊನೆಯದನ್ನು ಮೊದಲೇ ಮಾಡಿಬಿಡುವುದು ನಾವು ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪು.

ಕನ್ನಡದಲ್ಲಿ ಈ ಕೆಲಸ ಹೊಸದಲ್ಲ. ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಕಾವ್ಯವನ್ನು ಕುರಿತ ಗ್ರಂಥ. 9ನೆಯ ಶತಮಾನದ 'ಕವಿರಾಜಮಾರ್ಗ' ಸಂಸ್ಕೃತದಲ್ಲಿ ದಂಡಿ ಬರೆದ 'ಕಾವ್ಯಾದರ್ಶ'ವನ್ನು ಅನುಸರಿಸಿದರೂ ಕನ್ನಡದ ಕಿವಿಯಿಂದಲೇ ಮಾತಾಡುತ್ತದೆ. ಸಂಸ್ಕೃತ, ಕನ್ನಡ ಪದಗಳನ್ನು ಹದ ತಿಳಿಯದೆ ಸಮಾಸ ಮಾಡಿದರೆ, ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಆಗುತ್ತದೆ ಅನ್ನುತ್ತದೆ. ಅಡುಗೆಮನೆಯಲ್ಲಿ ಹಾಲು ಒಡೆದದ್ದನ್ನು ನೋಡಿದವರಿಗೆ ಇದಕ್ಕಿಂತ ಚೆನ್ನಾಗಿ ದೋಷ ಅಂದರೇನು ಅಂತ ಹೇಳಲಾಗದು. ತೀರ್ಪು ಇದೆ, ಕಾರಣವೂ ಜೊತೆಗೇ ಇದೆ.

ಇನ್ನು ಮಾರ್ಗಗಳು.

ಎಲ್ಲಕ್ಕಿಂತ ಮೊದಲು ಪಾಠ ನಿರ್ಣಯ, ಅಂದರೆ ಕವಿ ಬರೆದದ್ದು ಯಾವ ಅಕ್ಷರ ಅನ್ನುವ ಪ್ರಶ್ನೆ. ಪಂಪಭಾರತ ಶತಮಾನಗಟ್ಟಲೆ ಓಲೆಗರಿಯಲ್ಲಿತ್ತು. ಬಿ.ಎಲ್. ರೈಸ್ 1898ರಲ್ಲಿ ಅಚ್ಚು ಮಾಡಿಸಿದರು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿ ಬಂತು. ಪ್ರತಿಗಳನ್ನು ಹೋಲಿಸಿ, ಕೈತಪ್ಪುಗಳನ್ನು ತೆಗೆದು, ಒಂದು ಪಾಠ ನಿಲ್ಲಿಸಿದವರು ಇಲ್ಲದಿದ್ದರೆ ಮಿಕ್ಕ ಯಾವ ವಿಮರ್ಶೆಗೂ ನೆಲವೇ ಇರುತ್ತಿರಲಿಲ್ಲ. ಡಿ.ಎಲ್. ನರಸಿಂಹಾಚಾರ್ ಅವರ 'ಪಂಪಭಾರತ ದೀಪಿಕೆ' ತೆರೆದು ನೋಡಿ. ಒಂದು ಪದದ ಅರ್ಥಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಗೊತ್ತಾಗುತ್ತದೆ.

ಅಕ್ಷರ ಸರಿಯಾಗಿದ್ದರೂ ಅರ್ಥ ಜಗಳಕ್ಕೆ ಬೀಳಬಹುದು. ಇದೇ ಕಾವ್ಯದ 'ನೆತ್ತಮನಾಡಿ ಭಾನುಮತಿ ಸೋಲ್ತೊಡೆ ಸೋಲಮನೀವುದೆಂದು ಕಾಡುತ್ತಿರೆ' ಎಂಬ ಪದ್ಯ ಗೊತ್ತಲ್ಲ? ಪಗಡೆಯಲ್ಲಿ ದುರ್ಯೋಧನನ ಹೆಂಡತಿ ಭಾನುಮತಿ ಸೋತಳು, ಪಣ ಕೊಡು ಅಂತ ಕಾಡಿದಾಗ ಹಾರ ಹರಿಯಿತು. ಕಾಡಿದವರು ಯಾರು? ವಾಕ್ಯದಲ್ಲಿ ಕರ್ತೃಪದ ಇಲ್ಲ. ಕರ್ಣನೇ ಅವಳ ಜೊತೆ ಆಡುತ್ತಿದ್ದ, ಗೆಳೆಯ ತನ್ನ ಹೆಂಡತಿಯ ಹಾರಕ್ಕೆ ಕೈ ಹಾಕಿದರೂ ದುರ್ಯೋಧನ ಮುತ್ತು ಚದುರಿದ್ದನ್ನು ಮಾತ್ರ ನೋಡಿದ ಅನ್ನುವುದು ಒಂದು ಓದು. ಆಡಿದವರು ಗಂಡಹೆಂಡತಿಯೇ, ಕರ್ಣ ಅಲ್ಲಿದ್ದವನು ಅಷ್ಟೇ ಅನ್ನುವುದು ಇನ್ನೊಂದು. ವಿದ್ವಾಂಸರು ಇದರ ಮೇಲೆ ಬಹಳ ವಾದ ಮಾಡಿದ್ದಾರೆ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ದುರ್ಯೋಧನನನ್ನು ಯಾಕೆ ಬಿಡಲಾರೆ ಅಂತ ಹೇಳುವಾಗ ಕರ್ಣ ಈ ಘಟನೆ ನೆನೆಯುತ್ತಾನೆ. ನಂಬಿಕೆಯ ಪರೀಕ್ಷೆ ಆಗಿದ್ದರೆ ತಾನೇ ಆ ನೆನಪಿಗೆ ತೂಕ? ನೋಡಿ, ಒಂದು ಕರ್ತೃಪದ ಕಾಣದೆ ಹೋದರೆ ಒಂದು ಗೆಳೆತನದ ಚಿತ್ರವೇ ಬದಲಾಗುತ್ತದೆ.

ಈಗ ಕೃತಿನಿಷ್ಠ ವಿಮರ್ಶೆ. ಕವಿಯ ಕಾಲ, ಬದುಕು ಎಲ್ಲ ಬದಿಗಿಟ್ಟು ಪದ್ಯವನ್ನು ಮಾತ್ರ ನೋಡುವುದು. ಕೇಂಬ್ರಿಡ್ಜಿನಲ್ಲಿ ಐ.ಎ. ರಿಚರ್ಡ್ಸ್ ವಿದ್ಯಾರ್ಥಿಗಳಿಗೆ ಕವಿಯ ಹೆಸರು ಹೇಳದೆ ಪದ್ಯ ಕೊಟ್ಟು ಅಭಿಪ್ರಾಯ ಬರೆಸಿದರು. ಅದರಿಂದ ಹುಟ್ಟಿದ ಪುಸ್ತಕ 1929ರಲ್ಲಿ ಬಂತು. ಹೆಸರಿನ ಆಸರೆ ತೆಗೆದರೆ ನಾವು ಎಷ್ಟು ತಡವರಿಸುತ್ತೇವೆ ಅಂತ ಅದು ತೋರಿಸಿತು. ನಮ್ಮ ನವ್ಯ ಸಾಹಿತ್ಯದ ಕಾಲದಲ್ಲಿ ಈ ಬಗೆಯ ಓದು ಕನ್ನಡದಲ್ಲಿ ಬಲವಾಗಿ ಬೆಳೆಯಿತು.

ನಮ್ಮ ಪದ್ಯವನ್ನು ಹೀಗೆ ನೋಡೋಣ. ಪೆನ್ಸಿಲ್ ತಗೊಂಡು 'ಕರ್ಣ' ಬಂದಲ್ಲೆಲ್ಲ ಗೆರೆ ಹಾಕಿ. ಎಂಟು ಸಲ ಬರುತ್ತದೆ. ಮೊದಲ ಸಾಲಿನಲ್ಲಿ ಒಂದೂ ಇಲ್ಲ. 'ಬೇರೆ ಯಾರನ್ನೂ ಬೇಡ' ಅಂತ ಜಾಗ ಖಾಲಿ ಮಾಡುವುದಕ್ಕೇ ಆ ಸಾಲು. ಎರಡನೆಯ ಸಾಲಿನಿಂದ ಹೆಸರು ಒಂದರ ಹಿಂದೆ ಒಂದು ನುಗ್ಗುತ್ತದೆ. ಇನ್ನೂ ಹತ್ತಿರದಿಂದ ನೋಡಿ. ಎರಡನೆಯ ಸಾಲು 'ಕ' ಅಂತ ಮುಗಿದು, ಮೂರನೆಯದು 'ರ್ಣನ' ಅಂತ ಶುರುವಾಗುತ್ತದೆ. ಮೂರರಿಂದ ನಾಲ್ಕಕ್ಕೂ ಹಾಗೇ. ಇದು ಚಂಪಕಮಾಲೆ ಅನ್ನುವ ಛಂದಸ್ಸು, ಸಾಲಿಗೆ 21 ಅಕ್ಷರ, ನಾಲ್ಕೂ ಸಾಲಿನ ಎರಡನೆಯ ಅಕ್ಷರ 'ನ'ಕಾರದ ಪ್ರಾಸ. ಆ ಕಟ್ಟಿನೊಳಗೆ ಕರ್ಣನ ಹೆಸರು ಸಾಲಿನ ಅಂಚಿನಲ್ಲಿ ಮುರಿದರೂ ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಹರಿದು ಹೋಗುತ್ತದೆ. ಉಸಿರು ತೆಗೆದುಕೊಳ್ಳಲು ಬಿಡುವುದಿಲ್ಲ. ಕೊನೆಗೆ 'ಕರ್ಣರಸಾಯನ' ಬಂದಾಗ 'ಕರ್ಣ' ಅಂದರೆ ಕಿವಿಯೂ ಹೌದು, ವೀರನೂ ಹೌದು. ಏಳು ಸಲ ಕಿವಿಗೆ ಬಿದ್ದ ಹೆಸರು ಎಂಟನೆಯ ಸಲ ಕಿವಿಯೇ ಆಗಿಬಿಡುತ್ತದೆ. ಪರೀಕ್ಷೆಯಲ್ಲಿ 'ಇಲ್ಲಿ ಶ್ಲೇಷೆ ಇದೆ' ಅಂತ ಬರೆದು ಬಿಡಬೇಡಿ. ಶ್ಲೇಷೆ ಅಲ್ಲಿ ಏನು ಮಾಡುತ್ತಿದೆ ಅಂತ ಬರೆಯಿರಿ. ಸುಮ್ನೆ ಅಲಂಕಾರದ ಹೆಸರು ಹೇಳಿದರೆ ಅದು ವಿಮರ್ಶೆ ಆಗುವುದಿಲ್ಲ.

ಭಾರತೀಯ ಕಾವ್ಯಮೀಮಾಂಸೆ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತದೆ. ಭರತನಿಂದ ಬಂದ ರಸದ ವಿಚಾರ, ಕುಂತಕನ ವಕ್ರೋಕ್ತಿ (ಮಾತನ್ನು ಬಳಸಿ ಹೇಳುವ ಚೆಲುವು), ಕ್ಷೇಮೇಂದ್ರನ ಔಚಿತ್ಯ (ಯಾವುದು ಎಲ್ಲಿ ತಕ್ಕದ್ದು ಅನ್ನುವುದು) ಎಲ್ಲವನ್ನೂ ತೀ.ನಂ.ಶ್ರೀ., ಅಂದರೆ ತೀ.ನಂ. ಶ್ರೀಕಂಠಯ್ಯ ಅವರು 1953ರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ತಿಳಿಯಾಗಿ ಬಿಡಿಸಿದ್ದಾರೆ. ಇಲ್ಲಿ ನನಗೆ ಬೇಕಿರುವುದು ಆನಂದವರ್ಧನನ ಧ್ವನಿ. ಪದ ನೇರವಾಗಿ ಹೇಳುವುದು ವಾಚ್ಯಾರ್ಥ. ಹೇಳದೆ ಹೊಳೆಯಿಸುವುದು ವ್ಯಂಗ್ಯಾರ್ಥ. ನಮ್ಮ ಪದ್ಯದಲ್ಲಿ 'ಪೆರರಾರುಮಂ', ಅಂದರೆ 'ಬೇರೆ ಯಾರನ್ನೂ' ಎಂಬ ಮಾತಿದೆ. ಆ ಬೇರೆಯವರಲ್ಲಿ ಅರ್ಜುನನೂ ಇದ್ದಾನೆ! ಕವಿ ಅವನ ಹೆಸರು ಎತ್ತುವುದಿಲ್ಲ. ಆದರೆ ಈಗಷ್ಟೇ ಕರ್ಣನನ್ನು ಕೊಂದವನು ಅವನೇ. ಹೇಳದೆ ಬಿಟ್ಟ ಆ ಹೆಸರು ಪದ್ಯದ ತುಂಬ ಕೇಳಿಸುತ್ತದೆ. ಹೀಗೆ ಕೇಳಿಸಿಕೊಳ್ಳುವ ಓದುಗನನ್ನೇ ಹಿರಿಯರು ಸಹೃದಯ ಅಂದರು. ಓದುಗನಿಲ್ಲದೆ ಕೃತಿ ಪೂರ್ತಿಯಾಗದು ಅನ್ನುವ ಇತ್ತೀಚಿನ ವಾಚಕಕೇಂದ್ರಿತ ವಿಮರ್ಶೆಗೆ ಇದು ತೀರಾ ದೂರದ ಮಾತಲ್ಲ.

ಅರ್ಜುನನ ಹೆಸರು ಬಿಟ್ಟದ್ದು ಅಷ್ಟು ದೊಡ್ಡ ಸಂಗತಿ ಯಾಕೆ ಅಂತ ತಿಳಿಯಲು ಮಾತ್ರ ಪದ್ಯದಿಂದ ಹೊರಗೆ ಹೋಗಲೇಬೇಕು. ಇಲ್ಲಿ ಚಾರಿತ್ರಿಕ ವಿಮರ್ಶೆ ಬೇಕು. ಪಂಪನ ಆಶ್ರಯದಾತ ವೇಮುಲವಾಡದ ಚಾಲುಕ್ಯ ಅರಿಕೇಸರಿ. ರಾಷ್ಟ್ರಕೂಟರ ಸಾಮಂತ. ಕಾವ್ಯದಲ್ಲಿ ಅರ್ಜುನನೇ ಅರಿಕೇಸರಿ, ಅರಿಕೇಸರಿಯೇ ಅರ್ಜುನ. ಕಾವ್ಯದ ಹೆಸರಲ್ಲೇ ಅದು ಇದೆ. ಅಂಥ ಕಾವ್ಯದಲ್ಲಿ ನಾಯಕ ಗೆದ್ದ ಗಳಿಗೆಯಲ್ಲೇ, ಸತ್ತ ಎದುರಾಳಿಯನ್ನು ಬಿಟ್ಟು ಬೇರೆ ಯಾರನ್ನೂ ನೆನೆಯಬೇಡಿ ಅಂತಾನೆ ಕವಿ. ರಾಜನ ಮುಂದೆ ಇದನ್ನು ಓದಿದ ಗಳಿಗೆಯನ್ನು ಕಲ್ಪಿಸಿಕೊಂಡರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಕವಿಯ ಬದುಕಿನ ವಿವರವೂ ಇದೇ ಮಾರ್ಗಕ್ಕೆ ಸೇರುತ್ತದೆ. ಈಗಿನ ತೆಲಂಗಾಣದ ಕರೀಂನಗರದ ಕಡೆ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಕೆತ್ತಿಸಿದ ಶಾಸನ ಸಿಕ್ಕಿದೆ. ಕವಿಯ ಮನೆತನದ ಎಷ್ಟೋ ಸಂಗತಿ ಅದರಿಂದ ಖಚಿತವಾಯಿತು. ಆದರೆ ಒಂದು ಎಚ್ಚರ. ಪಂಪನಿಗೆ ರಾಜನ ಮೇಲೆ ಸಿಟ್ಟಿತ್ತು, ಅದಕ್ಕೇ ಹೀಗೆ ಬರೆದ ಅಂತ ಹೇಳಲು ನಮಗೆ ಆಧಾರ ಇಲ್ಲ. ಕವಿಯ ಉದ್ದೇಶವನ್ನು ಕೃತಿಯ ಅಳತೆಗೋಲು ಮಾಡಬಾರದು ಅಂತ ಅಮೆರಿಕದ ವಿಮ್‌ಸಾಟ್ ಮತ್ತು ಬಿಯರ್ಡ್ಸ್‌ಲಿ 1946ರಲ್ಲಿ ವಾದಿಸಿದ್ದು ಇಂಥ ಕಡೆ ಕೆಲಸಕ್ಕೆ ಬರುತ್ತದೆ. ಪದ್ಯ ಏನು ಮಾಡುತ್ತಿದೆ ಅಂತ ಹೇಳಬಹುದು. ಪಂಪನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಲಾಗದು.

ಮುಂದಿನದು ಸಮಾಜದ ಪ್ರಶ್ನೆ. ಮಾರ್ಕ್ಸ್‌ವಾದಿ ವಿಮರ್ಶೆ ವರ್ಗವನ್ನು ಕೇಳಿತು. ನಮ್ಮಲ್ಲಿ ದಲಿತ ಸಾಹಿತ್ಯ, 1979ರಲ್ಲಿ ಶುರುವಾದ ಬಂಡಾಯ ಸಾಹಿತ್ಯ ಸಂಘಟನೆ ಬಂದ ಮೇಲೆ ಜಾತಿಯ ಪ್ರಶ್ನೆಯನ್ನು ತಪ್ಪಿಸಿಕೊಂಡು ಯಾವ ಹಳಗನ್ನಡ ಕಾವ್ಯವನ್ನೂ ಓದಲಾಗದಂತಾಯಿತು. ಆಗಬೇಕಾದದ್ದೇ ಅದು. ಭೀಷ್ಮನಿಗೆ ಸೇನಾಪತಿ ಪಟ್ಟ ಕಟ್ಟುವಾಗ ಕುಲದ ಮಾತು ಬರುತ್ತದೆ. ಆಗ ಕರ್ಣ 'ಕುಲಂ ಕುಲಮಲ್ತು ಚಲಂ ಕುಲಂ ಗುಣಂ ಕುಲಂ' ಅನ್ನುತ್ತಾನೆ. ಹುಟ್ಟಿದ ಕುಲ ಕುಲವಲ್ಲ, ಛಲವೇ ಕುಲ, ಗುಣವೇ ಕುಲ. ಈ ಮಾತನ್ನು ಇಟ್ಟುಕೊಂಡು ನಮ್ಮ ಪದ್ಯಕ್ಕೆ ವಾಪಸ್ ಬಂದರೆ, ಅಲ್ಲಿ ಪಂಪ ಹೊಗಳುವುದು ಪರಾಕ್ರಮ, ಸತ್ಯ, ಶಕ್ತಿ, ತ್ಯಾಗ ಮಾತ್ರ. ಸೂರ್ಯನ ಮಗ ಅನ್ನುವುದಿಲ್ಲ, ಕುಂತಿಯ ಮಗ ಅನ್ನುವುದಿಲ್ಲ. ಹುಟ್ಟಿನ ಸುದ್ದಿಯೇ ಇಲ್ಲ.

ಇಷ್ಟಕ್ಕೆ ಪಂಪನನ್ನು ಜಾತಿವಿರೋಧಿ ಕವಿ ಅಂತ ಬರೆದು ಮುಗಿಸಬೇಡಿ. ಇದೇ ಕಾವ್ಯದಲ್ಲಿ ತನ್ನ ತಂದೆ ಜೈನಧರ್ಮ ಹಿಡಿದದ್ದನ್ನು ಹೇಳುವಾಗ 'ಜಾತಿಯೊಳೆಲ್ಲಮುತ್ತಮದ ಜಾತಿಯ ವಿಪ್ರಕುಲ', ಅಂದರೆ ಜಾತಿಗಳಲ್ಲೆಲ್ಲ ಉತ್ತಮ ಜಾತಿಯಾದ ಬ್ರಾಹ್ಮಣ ಕುಲ, ಅಂತಲೂ ಬರೆದಿದ್ದಾನೆ. ಎರಡೂ ಮಾತು ಒಬ್ಬನದೇ. ನಮ್ಮ ವಾದಕ್ಕೆ ಒಗ್ಗುವ ಸಾಲು ಇಟ್ಟುಕೊಂಡು ಒಗ್ಗದ್ದನ್ನು ಬಿಟ್ಟರೆ ಅದು ಓದಿಗೆ ಮಾಡಿದ ಮೋಸ.

ಮನೋವಿಶ್ಲೇಷಣೆಯ ಮಾರ್ಗ ಕರ್ಣನಿಗೆ ಸುಲಭವಾಗಿ ಒದಗುತ್ತದೆ: ತಾಯಿ ಬಿಟ್ಟ ಮಗು, ಗುರುತಿಗಾಗಿ ಹಸಿವು. ಸುಲಭವಾಗಿ ಒದಗುತ್ತದೆ ಅನ್ನುವುದೇ ನನಗೆ ಅದರ ಮೇಲಿನ ಅನುಮಾನ. ಹೆಚ್ಚು ಕೆಲಸ ಮಾಡುವುದು ಸ್ತ್ರೀವಾದಿ ಓದು. ಅದರ ಪ್ರಶ್ನೆ ಸರಳ: ಇಲ್ಲಿ ಹೆಣ್ಣಿಗೆ ಏನಾಯಿತು?

ಪಂಪಭಾರತದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಆಶ್ರಯದಾತನನ್ನೇ ಅರ್ಜುನ ಮಾಡಿದ ಮೇಲೆ ಕವಿ ಈ ಬದಲಾವಣೆ ಮಾಡಿಕೊಂಡ ಅಂತ ಸಾಮಾನ್ಯವಾಗಿ ವಿವರಿಸುತ್ತಾರೆ. ಆದರೆ ಸಭೆಯಲ್ಲಿ ಅವಳ ಮುಡಿ ಹಿಡಿದು ಎಳೆದಾಗ ಪ್ರತಿಜ್ಞೆ ಮಾಡುವವನು ಭೀಮ. ದುಶ್ಶಾಸನನನ್ನು ಕೊಂದು ಮುಡಿ ಕಟ್ಟುವವನೂ ಭೀಮ. ಆಗ ಅವನು ಆ ಕೂದಲನ್ನು ನೋಡಿ 'ಇದುವೆ ಮಹಾಭಾರತಕ್ಕಾದಿಯಾಯ್ತು' ಅನ್ನುತ್ತಾನೆ. ಗಂಡ ಒಬ್ಬ, ಮುಡಿ ಕಟ್ಟಿದವನು ಇನ್ನೊಬ್ಬ. ಹಳೆಯ ಕಥೆಯೂ ರಾಜನ ಕಥೆಯೂ ಇಲ್ಲಿ ಒಂದಕ್ಕೊಂದು ಉಜ್ಜುತ್ತವೆ. ಕಾವ್ಯದ ಕೊನೆಯಲ್ಲಿ ಅರ್ಜುನನಿಗೆ ಪಟ್ಟವಾಗುತ್ತದೆ. ಪಕ್ಕದಲ್ಲಿ ರಾಣಿಯಾಗಿ ಕೂರುವವಳು ಸುಭದ್ರೆ! ಯಾರ ಮುಡಿಯಿಂದ ಯುದ್ಧ ಶುರುವಾಯಿತು ಅಂತ ಕವಿಯೇ ಹೇಳಿದನೋ, ಅವಳಿಗೆ ಆ ಪೀಠದಲ್ಲಿ ಜಾಗ ಇಲ್ಲ.

ಈಗ ಬೆಲೆ ಕಟ್ಟುವ ಮಾತು. ಇಷ್ಟೆಲ್ಲ ಮುಟ್ಟಿ ನೋಡಿದ ಮೇಲೆ ಅದನ್ನು ಹೇಳುವ ಹಕ್ಕು ನಮಗೂ ಇದೆ. ರಾಜನನ್ನು ಕಾವ್ಯದೊಳಗೆ ತಂದು ಕೂರಿಸಿದ ಕಡೆ ಪಂಪನ ಕಥೆ ಬಿಗಿ ಕಳೆದುಕೊಳ್ಳುತ್ತದೆ, ಪಟ್ಟಾಭಿಷೇಕದಲ್ಲಿ ಅದು ಎದ್ದು ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ. ರಾಜನನ್ನು ಮರೆತ ಕಡೆ, ಅಂದರೆ ಕರ್ಣ ಸತ್ತ ಕಡೆ, ಅವನಿಗೆ ಸಾಟಿ ಇಲ್ಲ. ನೀವು ಒಪ್ಪದಿರಬಹುದು. ಒಪ್ಪದಿದ್ದರೆ ಪಟ್ಟಾಭಿಷೇಕದ ಭಾಗದಿಂದ ಒಂದು ಪದ್ಯ ಎತ್ತಿಕೊಂಡು, ಮೇಲೆ ಕರ್ಣನ ಪದ್ಯಕ್ಕೆ ಮಾಡಿದ ಹಾಗೆ ಪೆನ್ಸಿಲ್ ಹಿಡಿದು ಕೂತು, ಅದು ಎಲ್ಲಿ ಗಟ್ಟಿಯಾಗಿದೆ ಅಂತ ತೋರಿಸಿ.